ದಡಕ್ಕೆ ಮರಳಿಸುವ ಬ್ಯಾಟರಿ

ಮೇ ತಿಂಗಳ ಒಂದು ಸಂಜೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉತ್ತರದ ಅಂಚಿನಲ್ಲಿರುವ ಮಿನ್ನೆಸೋಟ ಪ್ರಾಂತದ ಒಂದು ಸಣ್ಣ ಸರೋವರ. ಹೊತ್ತು ಮುಳುಗಿ ಕಾಲು ಗಂಟೆಯಾಗಿದೆ. ನೀರಿನ ನಡುವೆ ಹದಿನಾಲ್ಕು ಅಡಿ ಉದ್ದದ ಅಲ್ಯೂಮಿನಿಯಂ ದೋಣಿಯೊಂದು ದಡದ ಕಡೆಗೆ ಮೂತಿ ತಿರುಗಿಸಿಕೊಂಡು ನಿಂತಿದೆ. ನಿಂತಿದೆ ಎಂದರೆ ತಪ್ಪಾದೀತು. ಎದುರುಗಾಳಿ ಅದನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ತಳ್ಳುತ್ತಿದೆ. ದೋಣಿಯಲ್ಲಿ ಒಬ್ಬ ತಂದೆ, ಅವನ ಹನ್ನೆರಡು ವರ್ಷದ ಮಗ, ಬುಟ್ಟಿಯಲ್ಲಿ ನಾಲ್ಕು ಮೀನು. ಹಿಂಬದಿಗೆ ಕಟ್ಟಿದ ವಿದ್ಯುತ್ ಮೋಟಾರು ಸ್ವಲ್ಪ ಹೊತ್ತಿನ ಹಿಂದೆ ಜೇನುಹುಳುವಿನಂತೆ ಗುಂಯ್‌ಗುಡುತ್ತಿತ್ತು. ಈಗ ಅದರ ಸ್ವರ ಇಳಿದು ಇಳಿದು ನರಳಿಕೆಯಂತಾಗಿದೆ.

“ಅಪ್ಪ, ದಡದ ದೀಪ ಹತ್ತಿರವಾಗುತ್ತಲೇ ಇಲ್ಲವಲ್ಲ?” ಎನ್ನುತ್ತಾನೆ ಹುಡುಗ.

ಈ ತಂದೆ ಮಕ್ಕಳು ಕಲ್ಪನೆಯವರು. ಅವರ ಪೇಚಾಟ ಮಾತ್ರ ಕಲ್ಪನೆಯದಲ್ಲ. ಸಣ್ಣ ದೋಣಿಗೆ ವಿದ್ಯುತ್ ಮೋಟಾರು ಕಟ್ಟಿಕೊಂಡು ಮೀನು ಹಿಡಿಯಹೊರಟವರಲ್ಲಿ ಎಷ್ಟೋ ಮಂದಿಗೆ ಇಂಥದೊಂದು ಸಂಜೆ ಎದುರಾಗಿರುತ್ತದೆ. ವಿಚಿತ್ರವೆಂದರೆ ಇಲ್ಲಿ ಯಾವುದೂ ಕೆಟ್ಟಿಲ್ಲ. ಮೋಟಾರು ಸರಿಯಾಗಿದೆ. ಬ್ಯಾಟರಿಯನ್ನು ಹಿಂದಿನ ರಾತ್ರಿಯಷ್ಟೇ ತುಂಬಿಸಿದ್ದಾಗಿದೆ. ಅಂಗಡಿಯವನು ಮೋಸ ಮಾಡಿದ್ದೂ ಇಲ್ಲ. ಕೊಳ್ಳುವಾಗ ಮಾಡಬೇಕಾಗಿದ್ದ ಒಂದು ಲೆಕ್ಕವನ್ನು ಆ ತಂದೆ ಅರ್ಧಕ್ಕೇ ನಿಲ್ಲಿಸಿದ್ದನು. ಹೋಗುವುದಕ್ಕೆ ಎಷ್ಟು ಬೇಕೆಂದು ನೋಡಿದನು. ಬರುವುದಕ್ಕೆ ಎಷ್ಟು ಬೇಕೆಂದು ನೋಡಲಿಲ್ಲ.

ಮಿನ್ನೆಸೋಟವನ್ನು ಹತ್ತು ಸಾವಿರ ಸರೋವರಗಳ ನಾಡೆಂದು ಕರೆಯುವುದು ವಾಡಿಕೆ. ಇದು ಉತ್ಪ್ರೇಕ್ಷೆಯಲ್ಲ, ವಿನಯ. ಹತ್ತು ಎಕರೆಗಿಂತ ದೊಡ್ಡವಾದ ಸರೋವರಗಳೇ ಅಲ್ಲಿ 11,842 ಇವೆ. ಚಳಿಗಾಲದಲ್ಲಿ ಇವೆಲ್ಲ ಹೆಪ್ಪುಗಟ್ಟುತ್ತವೆ. ಏಪ್ರಿಲಿನಲ್ಲಿ, ಉತ್ತರದ ಕಡೆ ಮೇ ತಿಂಗಳಲ್ಲಿ, ಹಿಮ ಒಡೆಯುತ್ತದೆ. ಅದರ ಬೆನ್ನಿಗೇ ಮೀನು ಹಿಡಿಯುವ ಋತು ಆರಂಭವಾಗುತ್ತದೆ. ಅಲ್ಲಿಯವರಿಗೆ ಅತ್ಯಂತ ಪ್ರಿಯವಾದ ಮೀನು ವಾಲ್‌ಐ. 1965ರಲ್ಲಿ ಇದನ್ನು ಆ ಪ್ರಾಂತದ ಅಧಿಕೃತ ಮೀನೆಂದು ಘೋಷಿಸಲಾಯಿತು. ಅದರ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಪ್ರತಿಫಲಿಸುವ ಒಂದು ಪದರವಿರುವುದರಿಂದ ಮಸುಕು ಬೆಳಕಿನಲ್ಲಿಯೂ ಅದು ಚೆನ್ನಾಗಿ ಕಾಣಬಲ್ಲುದು. ಆದುದರಿಂದಲೇ ಅದು ಎರೆಗೆ ಬಾಯಿ ಹಾಕುವುದು ಹೆಚ್ಚಾಗಿ ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ. ಹೀಗೆ ಮೀನಿಗೆ ಹಸಿವಾಗುವ ಹೊತ್ತಿಗೇ ಬ್ಯಾಟರಿಗೆ ಸುಸ್ತಾಗಿರುತ್ತದೆ. ದಿನವೆಲ್ಲ ದುಡಿದ ಬ್ಯಾಟರಿಯನ್ನೇ ನಂಬಿ ಕತ್ತಲಲ್ಲಿ ಮರಳಬೇಕಾಗುತ್ತದೆ.

ಗಾಳದ ನೂಲನ್ನು ದೋಣಿಯ ಹಿಂದೆ ಬಿಟ್ಟು, ಮನುಷ್ಯ ನಡೆಯುವ ವೇಗಕ್ಕಿಂತಲೂ ನಿಧಾನವಾಗಿ ದೋಣಿಯನ್ನು ನಡೆಸುತ್ತ, ಹುಸಿಮೀನನ್ನು ನೀರಿನಲ್ಲಿ ಜೀವಂತವಾದುದರಂತೆ ಈಜಿಸುವುದಕ್ಕೆ ಟ್ರೋಲಿಂಗ್ ಎಂದು ಹೆಸರು. ಪೆಟ್ರೋಲ್ ಎಂಜಿನ್ ಇಷ್ಟು ನಿಧಾನಕ್ಕೆ ಒಗ್ಗುವುದಿಲ್ಲ; ಅದರ ಸದ್ದು ಬೇರೆ. ಇನ್ನು ಕೆಲವು ಸರೋವರಗಳಲ್ಲಂತೂ ಪೆಟ್ರೋಲ್ ಎಂಜಿನ್ನಿಗೆ ಪ್ರವೇಶವೇ ಇಲ್ಲ. ಈ ಕೆಲಸಕ್ಕಾಗಿಯೇ ವಿದ್ಯುತ್ ಮೋಟಾರು ಹುಟ್ಟಿತು. ಮಿನ್ನೆಸೋಟದ ಪಕ್ಕದ ಉತ್ತರ ಡಕೋಟದಲ್ಲಿ, ಫಾರ್ಗೋ ಪಟ್ಟಣದಲ್ಲಿ, 1934ರಲ್ಲಿ ಓ. ಜಿ. ಶ್ಮಿಟ್ ಎಂಬಾತನು ಫೋರ್ಡ್ ಕಂಪನಿಯ ಮಾಡೆಲ್ ಎ ಕಾರಿನ ಸ್ಟಾರ್ಟರ್ ಮೋಟಾರನ್ನು ಬಿಚ್ಚಿ, ಅದಕ್ಕೆ ಬಾಗುವ ದಂಡವೊಂದನ್ನು ಸೇರಿಸಿ, ತುದಿಗೆ ರೆಕ್ಕೆ ಸಿಕ್ಕಿಸಿ ದೋಣಿಗೆ ಕಟ್ಟಿದನು. ಆತ ಸ್ಥಾಪಿಸಿದ ಕಾರ್ಖಾನೆಗೆ ಎರಡು ಪ್ರಾಂತಗಳ ಹೆಸರಿನ ತುಂಡುಗಳನ್ನು ಜೋಡಿಸಿ ಮಿನ್ ಕೋಟ ಎಂದು ಹೆಸರಿಟ್ಟನು. ಆ ಹೆಸರು ಇಂದಿಗೂ ಬಳಕೆಯಲ್ಲಿದೆ.

ದೋಣಿಗೂ ವಿದ್ಯುತ್ತಿಗೂ ಗಂಟು ಬಿದ್ದದ್ದು ಅದಕ್ಕೂ ಬಹಳ ಹಿಂದೆ. ಮೋರಿಟ್ಸ್ ಯಾಕೋಬಿ ಎಂಬ ವಿಜ್ಞಾನಿ 1838ರಲ್ಲಿಯೇ ಸೇಂಟ್ ಪೀಟರ್ಸ್‌ಬರ್ಗಿನ ನೇವಾ ನದಿಯಲ್ಲಿ, ರಷ್ಯದ ಚಕ್ರವರ್ತಿಯ ಧನಸಹಾಯದಿಂದ, ಹತ್ತಾರು ಜನರನ್ನು ಕೂಡಿಸಿ ವಿದ್ಯುತ್ ದೋಣಿಯನ್ನು ನಡೆಸಿದ್ದನು. 1881ರಲ್ಲಿ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಗುಸ್ತಾವ್ ತ್ರೂವೆ, ಎತ್ತಿ ತೆಗೆಯಬಹುದಾದ ಮೋಟಾರನ್ನು ದೋಣಿಯ ಹಿಂಬದಿಗೆ ತೂಗುಹಾಕಿ ತೋರಿಸಿದನು. ಇಬ್ಬರಿಗೂ ತಲೆನೋವಾದದ್ದು ಮೋಟಾರಲ್ಲ, ಬ್ಯಾಟರಿ. ಇಂದಿಗೂ ಮೋಟಾರನ್ನು ಆರಿಸುವುದು ಒಂದು ಗಳಿಗೆಯ ಕೆಲಸ. ಅದಕ್ಕೆ ತಕ್ಕ ಬ್ಯಾಟರಿಯನ್ನು ಆರಿಸುವುದರಲ್ಲಿಯೇ ಜಾಣತನವಿರುವುದು.

ಎಷ್ಟು ನೂಕಬೇಕು?

ಇಂಥ ಮೋಟಾರುಗಳನ್ನು ಅಶ್ವಶಕ್ತಿಯಲ್ಲಿ ಅಳೆಯದೆ, ಅವು ನೀರನ್ನು ಎಷ್ಟು ಪೌಂಡು ಬಲದಿಂದ ನೂಕುತ್ತವೆ ಎಂದು ಅಳೆಯುತ್ತಾರೆ. ದೋಣಿ, ಜನ, ಸಾಮಾನು ಎಲ್ಲ ಸೇರಿ ಪ್ರತಿ ನೂರು ಪೌಂಡು ತೂಕಕ್ಕೆ ಕನಿಷ್ಠ ಎರಡು ಪೌಂಡು ನೂಕುಬಲ ಬೇಕೆಂಬುದು ರೂಢಿಯ ಸೂತ್ರ. ನಮ್ಮ ತಂದೆ ಮಕ್ಕಳ ದೋಣಿಯನ್ನೇ ತೆಗೆದುಕೊಳ್ಳಬಹುದು. ಬರಿಯ ದೋಣಿ 90 ಕಿಲೋ, ಇಬ್ಬರು ಸೇರಿ 120 ಕಿಲೋ, ಮೋಟಾರು, ಬ್ಯಾಟರಿ, ಲಂಗರು, ಊಟದ ಡಬ್ಬಿ ಇತ್ಯಾದಿ 60 ಕಿಲೋ; ಒಟ್ಟು 270 ಕಿಲೋ, ಎಂದರೆ ಸುಮಾರು 600 ಪೌಂಡು. ಸೂತ್ರದ ಪ್ರಕಾರ 12 ಪೌಂಡು ಸಾಕು. ಆದರೆ ಆ ಸೂತ್ರ ಗಾಳಿಯಿಲ್ಲದ ದಿನಕ್ಕೆ ಹೇಳಿದ್ದು. ಗಾಳಿಯ ವೇಗ ಎರಡರಷ್ಟಾದರೆ ಅದು ದೋಣಿಯ ಮೇಲೆ ಹೇರುವ ಬಲ ನಾಲ್ಕರಷ್ಟಾಗುತ್ತದೆ. ಹಗುರವಾದ ಅಲ್ಯೂಮಿನಿಯಂ ದೋಣಿ ನೀರಿನಲ್ಲಿ ಆಳಕ್ಕೆ ಇಳಿಯದೆ ಮೇಲೆಯೇ ಕುಳಿತಿರುವುದರಿಂದ ಒಣಗಿದ ಎಲೆಯಂತೆ ಗಾಳಿಗೆ ಸಿಕ್ಕುತ್ತದೆ. ಆದುದರಿಂದ 40 ಪೌಂಡಿನ ಮೋಟಾರನ್ನು ಕೊಂಡರೆ ಅದು ದುಂದಲ್ಲ.

ಇಲ್ಲಿ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ನೂಕುಬಲ ಹೆಚ್ಚಾದರೆ ದೋಣಿ ವೇಗವಾಗಿ ಓಡುವುದೆಂದು ಅನೇಕರು ತಿಳಿಯುತ್ತಾರೆ. ಈ ಮೋಟಾರುಗಳ ರೆಕ್ಕೆಯ ಮಾಟವೇ ನಿಧಾನಕ್ಕಾಗಿ ಮಾಡಿದ್ದು. 40 ಪೌಂಡಿನದಾಗಲಿ, ಅದರ ಎರಡರಷ್ಟಿನದಾಗಲಿ, ಗಂಟೆಗೆ ಎಂಟು ಕಿಲೋಮೀಟರಿನ ಸುಮಾರಿಗೆ ಎಲ್ಲವೂ ನಿಂತುಬಿಡುತ್ತವೆ. ಹೆಚ್ಚಿನ ಬಲ ಭಾರವಾದ ದೋಣಿಯನ್ನು ನಡೆಸುವುದಕ್ಕೆ, ಗಾಳಿಯ ಎದುರು ನಿಲ್ಲುವುದಕ್ಕೆ, ಓಟಕ್ಕಲ್ಲ.

ಮೈ ಒಂದೇ, ಗುಣ ಬೇರೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಎಷ್ಟೋ ಮನೆಗಳಲ್ಲಿ ಮಹಡಿಯ ಮೆಟ್ಟಿಲ ಕೆಳಗೆ ಇನ್ವರ್ಟರಿನ ಬ್ಯಾಟರಿಯೊಂದು ಕುಳಿತಿರುತ್ತದೆ. ಕರೆಂಟು ಹೋದಾಗ ಫ್ಯಾನು, ದೀಪಗಳನ್ನು ಗಂಟೆಗಟ್ಟಲೆ ನಡೆಸುವುದು, ಕರೆಂಟು ಬಂದಾಗ ಮತ್ತೆ ತುಂಬಿಕೊಳ್ಳುವುದು, ಇದು ಅದರ ಬಾಳು. ಹೊರಗೆ ನಿಂತಿರುವ ಕಾರಿನಲ್ಲಿಯೂ ಬ್ಯಾಟರಿಯಿದೆ. ಅದರ ಕೆಲಸ ಎಂಜಿನ್ನನ್ನು ಎಬ್ಬಿಸುವುದು. ನೂರಾರು ಆಂಪಿಯರುಗಳನ್ನು ಎರಡು ಮೂರು ಸೆಕೆಂಡು ಕೊಟ್ಟು ಅದು ವಿಶ್ರಮಿಸುತ್ತದೆ. ಎರಡೂ ಸೀಸದ ಫಲಕ, ಗಂಧಕಾಮ್ಲಗಳಿಂದಾದವು. ಗಾಸ್ತೋನ್ ಪ್ಲಾಂತೆ ಎಂಬ ಫ್ರೆಂಚ್ ವಿಜ್ಞಾನಿ 1859ರಲ್ಲಿ ಕಂಡುಹಿಡಿದ ಬ್ಯಾಟರಿಯ ಸಂತಾನವೇ. ಆದರೆ ಕಾರಿನ ಬ್ಯಾಟರಿಯೊಳಗೆ ತೆಳುವಾದ ಫಲಕಗಳು ಹಲವು. ಒಮ್ಮೆಗೇ ಹೆಚ್ಚು ಪ್ರವಾಹ ಹೊಮ್ಮಲೆಂದು ಹೀಗೆ ಮಾಡಿರುತ್ತಾರೆ. ಅದನ್ನು ಪೂರ್ತಿ ಬರಿದು ಮಾಡಿ ತುಂಬಿಸುವುದನ್ನು ಕೆಲವು ಹತ್ತು ಸಲ ಮಾಡಿದರೆ ಆ ಫಲಕಗಳು ಸವೆದು ಉದುರುತ್ತವೆ. ಆಳವಾಗಿ ಬರಿದು ಮಾಡಲೆಂದೇ ರಚಿಸಿದ ಬ್ಯಾಟರಿಯಲ್ಲಿ ಫಲಕಗಳು ದಪ್ಪ. ನೂರಾರು ಸಲದ ದಣಿವನ್ನು ಅವು ತಾಳುತ್ತವೆ.

ಟ್ರೋಲಿಂಗ್ ಮೋಟಾರಿನ ಪಿತಾಮಹ ಕಾರಿನ ಸ್ಟಾರ್ಟರೇ ಆದರೂ ಅದಕ್ಕೆ ಬೇಕಾದದ್ದು ಕಾರಿನ ಬ್ಯಾಟರಿಯಲ್ಲ, ಮೆಟ್ಟಿಲ ಕೆಳಗಿನ ಬ್ಯಾಟರಿಯ ಜಾತಿಯದು. ಮನೆಯಲ್ಲಿ ಹಳೆಯ ಕಾರಿನ ಬ್ಯಾಟರಿ ಬಿದ್ದಿದೆಯಲ್ಲ ಎಂದು ಅದನ್ನೇ ದೋಣಿಗೆ ಹೊರುವವರು ಒಂದೇ ಬೇಸಗೆಯಲ್ಲಿ ಪಾಠ ಕಲಿಯುತ್ತಾರೆ. ಅಂಗಡಿಯಲ್ಲಿ ಇನ್ನೊಂದು ಬಲೆಯೂ ಉಂಟು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ದೋಣಿಯ ಚಿತ್ರ, ಅದರ ಪಕ್ಕದಲ್ಲಿ ಐದುನೂರೋ ಆರುನೂರೋ ಎಂಬ ಅಂಕಿ. ಅದು ಚಳಿಯಲ್ಲಿ ಎಂಜಿನ್ ಎಬ್ಬಿಸುವ ಸಾಮರ್ಥ್ಯ. ಮೀನು ಹಿಡಿಯುವವನಿಗೆ ಅದರಿಂದ ಬಿಡಿಗಾಸಿನ ಉಪಯೋಗವಿಲ್ಲ. ಅವನು ಹುಡುಕಬೇಕಾದದ್ದು ಎರಡು ಸಂಖ್ಯೆಗಳನ್ನು. ಒಂದು ಆಂಪಿಯರ್-ಗಂಟೆ. ಇನ್ನೊಂದು, 25 ಆಂಪಿಯರ್ ಪ್ರವಾಹವನ್ನು ಆ ಬ್ಯಾಟರಿ ಎಷ್ಟು ನಿಮಿಷ ಕೊಡಬಲ್ಲುದು ಎಂಬುದು. ಈ ಎರಡನೆಯದು ಹೆಚ್ಚು ಪ್ರಾಮಾಣಿಕವಾದದ್ದು. ಏಕೆಂದರೆ ದೋಣಿಯ ಮೋಟಾರು ನಿಜವಾಗಿ ಎಳೆಯುವ ಪ್ರವಾಹಕ್ಕೆ ಅದು ಹತ್ತಿರವಿದೆ.

ಮೊದಲನೆಯ ಸಂಖ್ಯೆಯಲ್ಲಿ ಒಂದು ಗೂಢವಿದೆ. ಬ್ಯಾಟರಿಯ ಮೇಲೆ 100 ಆಂಪಿಯರ್-ಗಂಟೆ ಎಂದು ಬರೆದಿದ್ದರೆ, ಗಂಟೆಗೆ ಐದೈದು ಆಂಪಿಯರಿನಂತೆ ಇಪ್ಪತ್ತು ಗಂಟೆ ನಿಧಾನವಾಗಿ ಬಸಿದಾಗ ಸಿಕ್ಕ ಮೊತ್ತ ಅದು. 40 ಪೌಂಡಿನ ಮೋಟಾರು ಪೂರ್ಣ ವೇಗದಲ್ಲಿ ಸುಮಾರು 40 ಆಂಪಿಯರ್ ಎಳೆಯುತ್ತದೆ. ಪೌಂಡಿಗೊಂದು ಆಂಪಿಯರ್ ಎಂದು ನೆನಪಿಟ್ಟುಕೊಂಡರೆ ಹೆಚ್ಚು ತಪ್ಪಿಲ್ಲ. ಹಾಗಾದರೆ ಎರಡೂವರೆ ಗಂಟೆ ನಡೆಯಬೇಕಲ್ಲವೆ? ನಡೆಯುವುದಿಲ್ಲ. ಒಂದೂವರೆ ಗಂಟೆ ದಾಟಿದ ಸ್ವಲ್ಪದರಲ್ಲಿಯೇ ಅದು ಕೈಚೆಲ್ಲುತ್ತದೆ. ಅವಸರದಿಂದ ಕೇಳಿದಷ್ಟೂ ಸೀಸದ ಬ್ಯಾಟರಿ ಕಡಮೆ ಕೊಡುತ್ತದೆ. ಪಾಯ್ಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲಿಯೇ ಇದನ್ನು ಒಂದು ಸೂತ್ರಕ್ಕೆ ಇಳಿಸಿದನು. ಫಲಕದ ಮೇಲ್ಮೈಯಲ್ಲಿರುವ ಆಮ್ಲ ಬೇಗ ತೀರಿ, ಒಳಗಿನದು ಬಂದು ಸೇರುವಷ್ಟರಲ್ಲಿ ವೋಲ್ಟೇಜು ಕುಸಿದಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಬ್ಯಾಟರಿ ಚೇತರಿಸಿಕೊಂಡಂತೆ ಕಾಣುವುದೂ ಇದರಿಂದಲೇ. ನಡುನೀರಿನಲ್ಲಿ ಈ ಚೇತರಿಕೆಯನ್ನು ನಂಬಿದವರು ನೂರು ಗಜ ಮುಂದೆ ಹೋಗಿ ಮತ್ತೆ ನಿಂತಿದ್ದಾರೆ.

ಇದಲ್ಲದೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುವುದು ಅದರ ಆಯುಸ್ಸನ್ನು ಇಳಿಸಿದಂತೆ. ಎಂದರೆ 100 ಎಂದು ಬರೆದ ಪೆಟ್ಟಿಗೆಯಲ್ಲಿ ಧೈರ್ಯವಾಗಿ ಖರ್ಚು ಮಾಡಬಹುದಾದದ್ದು 50. ಉಳಿದದ್ದು ಬಡ್ಡಿಗಿಟ್ಟ ಅಸಲಿನಂತೆ, ಮುಟ್ಟಬಾರದು.

ಹೋದ ಲೆಕ್ಕ, ಬಂದ ಲೆಕ್ಕ

ಈಗ ಆ ತಂದೆಯ ದಿನಚರಿಯನ್ನು ನೋಡಬಹುದು. ಮನೆಯ ಕಟ್ಟೆಯಿಂದ ಮೀನಿನ ತಾಣ ಒಂದೂವರೆ ಕಿಲೋಮೀಟರು ದೂರ. ಮಧ್ಯಾಹ್ನ ಗಾಳಿ ಬೆನ್ನ ಹಿಂದೆ ಇತ್ತು. ಮಧ್ಯಮ ವೇಗದಲ್ಲಿ, 20 ಆಂಪಿಯರಿನಂತೆ, ಇಪ್ಪತ್ತೆರಡು ನಿಮಿಷದಲ್ಲಿ ಹೋಗಿ ಸೇರಿದರು. ಖರ್ಚು ಏಳೂವರೆ ಆಂಪಿಯರ್-ಗಂಟೆ. ಅಲ್ಲಿ ಮೂರು ಗಂಟೆಗಳ ಕಾಲ 10 ಆಂಪಿಯರಿನಂತೆ ಮೆಲ್ಲನೆ ಸುತ್ತಾಡಿದರು, ಖರ್ಚು 30. ಒಟ್ಟು ಮೂವತ್ತೇಳೂವರೆ. “ಹೋಗುವುದಕ್ಕೆ ಏಳೂವರೆಯಾಯಿತು, ಬರುವುದಕ್ಕೂ ಏಳೂವರೆ ಸಾಕು. ಒಟ್ಟು 45. ಐವತ್ತರ ಒಳಗೇ ಇದೆ,” ಎಂದು ತಂದೆ ಮನಸ್ಸಿನಲ್ಲಿಯೇ ಲೆಕ್ಕ ಹಾಕಿ, ಇನ್ನೂ ಒಂದು ಸುತ್ತು ಹೋಗೋಣ ಎಂದ ಮಗನ ಮಾತಿಗೆ ಒಪ್ಪಿದ್ದನು.

ಆದರೆ ಮರಳುವಾಗ ಅದೇ ಗಾಳಿ ಎದುರಾಯಿತು, ಬಲವೂ ಆಯಿತು. ಮೋಟಾರನ್ನು ಪೂರ್ತಿ ತಿರುಗಿಸಿದರೂ ದೋಣಿ ಗಂಟೆಗೆ ಮೂರು ಕಿಲೋಮೀಟರಿಗಿಂತ ಹೆಚ್ಚು ಸರಿಯದು. ಅದೇ ಒಂದೂವರೆ ಕಿಲೋಮೀಟರಿಗೆ ಈಗ ಅರ್ಧ ಗಂಟೆ, 40 ಆಂಪಿಯರಿನಂತೆ, ಖರ್ಚು 20. ಹೋಗುವಾಗ ಏಳೂವರೆಗೆ ದೊರೆತ ದಾರಿ ಬರುವಾಗ ಇಪ್ಪತ್ತಕ್ಕೆ ಏರಿತು. ಒಟ್ಟು ಐವತ್ತೇಳೂವರೆ. ಬ್ಯಾಟರಿ ಹೊಚ್ಚ ಹೊಸದಾಗಿದ್ದರೆ ಅರ್ಧದ ಗೆರೆಯನ್ನು ದಾಟಿಯಾದರೂ ಹೇಗೋ ದಡ ಮುಟ್ಟಿಸುತ್ತಿತ್ತು. ಇದು ಮೂರನೆಯ ವರ್ಷದ್ದು. ಅದರ ಹಿಡಿತ ಆಗಲೇ ಐದನೆಯ ಒಂದು ಪಾಲು ಕುಗ್ಗಿದೆ. ಹಿಮ ಕರಗಿದ ತಿಂಗಳ ತಣ್ಣನೆಯ ಹವೆಯೂ ಸ್ವಲ್ಪ ಕಿತ್ತುಕೊಂಡಿದೆ. ಅವಸರದ ಎಳೆತ ಮತ್ತಷ್ಟನ್ನು ನುಂಗಿದೆ. ದೀಪ ಹತ್ತಿರವಾಗದಿರುವುದಕ್ಕೆ ಕಾರಣ ಇಷ್ಟೆ.

ಇದಕ್ಕೆ ಒಂದು ಕಾಸೂ ಖರ್ಚಿಲ್ಲದ ಪರಿಹಾರವನ್ನು ಹುಟ್ಟು ಹಾಕುತ್ತಿದ್ದ ಕಾಲದವರೇ ಕಂಡುಕೊಂಡಿದ್ದರು. ಹೊರಡುವಾಗ ಗಾಳಿಗೆ ಎದುರಾಗಿ ಹೋಗುವುದು. ದಣಿದಾಗ ಗಾಳಿಯೇ ಮನೆಗೆ ತಳ್ಳಿಕೊಂಡು ಬರುತ್ತದೆ. ಮೀನಿನ ತಾಣ ಯಾವ ದಿಕ್ಕಿನಲ್ಲಿದೆಯೋ ಎನ್ನುವುದು ಮಾತ್ರ ಮನುಷ್ಯನ ಕೈಯಲ್ಲಿಲ್ಲ.

ಎರಡನೆಯದು ಮೋಟಾರಿನಲ್ಲಿಯೇ ಇದೆ. ಹಳೆಯ ಮಾದರಿಗಳಲ್ಲಿ ಐದು ಹಲ್ಲಿನ ತಿರುಗಣೆಯಿರುತ್ತದೆ. ವೇಗ ತಗ್ಗಿಸಿದಾಗ ಉಳಿಯುವ ವಿದ್ಯುತ್ತಿನಲ್ಲಿ ಒಂದು ಭಾಗ ತಂತಿಸುರುಳಿಯಲ್ಲಿ ಶಾಖವಾಗಿ ವ್ಯರ್ಥವಾಗುತ್ತದೆ. ಹೊಸ ಮಾದರಿಗಳು ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಕಡಿದು ಕಡಿದು ಬಡಿತಗಳಾಗಿ ಕೊಡುತ್ತವೆ. ನಿಧಾನಕ್ಕೆ ನಡೆದಾಗ ಪ್ರವಾಹವೂ ಅಷ್ಟೇ ಕಡಮೆ. ಮೂರು ಗಂಟೆಯ ಸುತ್ತಾಟಕ್ಕೆ 30ರ ಬದಲು ಅದರ ಅರ್ಧವೂ ಖರ್ಚಾಗದಿರಬಹುದು. ನೀರಿನ ಸ್ವಭಾವವೂ ಇದಕ್ಕೆ ಅನುಕೂಲ. ವೇಗವನ್ನು ಅರ್ಧಕ್ಕಿಳಿಸಿದರೆ ದೋಣಿಗೆ ಬೇಕಾಗುವ ಶಕ್ತಿ ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಬ್ಯಾಟರಿಯ ಮೇಲೆ ಸಾವಿರಾರು ಡಾಲರ್ ಸುರಿಯುವ ಮೊದಲು ಬೆರಳಿಗೆ ಸ್ವಲ್ಪ ಸಂಯಮ ಕಲಿಸುವುದು ಅಗ್ಗ.

ಎರಡು ಸೀಸವೋ, ಒಂದು ಲಿಥಿಯಮೋ?

ಇಷ್ಟಾದರೂ ಸಾಲದೆನ್ನುವವರಿಗೆ ದಾರಿಗಳು ಎರಡು. ಇನ್ನೊಂದು 100ರ ಸೀಸದ ಬ್ಯಾಟರಿಯನ್ನು ತಂದು, ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿ ಸಮಾಂತರವಾಗಿ ಜೋಡಿಸುವುದು ಮೊದಲನೆಯದು. ವೋಲ್ಟೇಜು 12 ಆಗಿಯೇ ಉಳಿದು ದಾಸ್ತಾನು 200 ಆಗುತ್ತದೆ. ಹೊರೆಯನ್ನು ಇಬ್ಬರು ಹಂಚಿಕೊಂಡಂತೆ ಒಂದೊಂದರಿಂದ ಅರ್ಧ ಪ್ರವಾಹ ಮಾತ್ರ ಹರಿಯುವುದರಿಂದ ಪಾಯ್ಕರ್ಟನ ಕಂದಾಯವೂ ತಗ್ಗುತ್ತದೆ. ಹೊಸದನ್ನು ಹಳೆಯದಕ್ಕೆ ಜೋಡಿಸಬಾರದು. ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೆ ಎಳೆದುಕೊಳ್ಳುತ್ತದೆ. ಒಂದರ ಧನವನ್ನು ಇನ್ನೊಂದರ ಋಣಕ್ಕೆ ಸೇರಿಸಿ ಸರಣಿಯಾಗಿ ಜೋಡಿಸಿದರಂತೂ 24 ವೋಲ್ಟಾಗುತ್ತದೆ. 12ರ ಮೋಟಾರಿಗೆ ಅದನ್ನು ಕೊಟ್ಟರೆ ಮೋಟಾರು ಸುಟ್ಟಿತು. 24 ವೋಲ್ಟಿನ ಜೋಡಣೆ 70, 80 ಪೌಂಡಿನ ದೊಡ್ಡ ಮೋಟಾರುಗಳಿಗೆ ಸರಿ. ಅಷ್ಟೇ ಶಕ್ತಿಗೆ ಅರ್ಧ ಪ್ರವಾಹ ಸಾಕಾಗುವುದರಿಂದ ಅಲ್ಲಿ ತಂತಿ ಕಾಯುವುದು ಕಡಮೆ. ಹದಿನಾಲ್ಕು ಅಡಿಯ ದೋಣಿಗೆ ಅದರ ಗೊಡವೆಯಿಲ್ಲ.

ಎರಡನೆಯ ಬ್ಯಾಟರಿಯ ಬೆಲೆಗಿಂತ ಅದರ ತೂಕವೇ ಹೆಚ್ಚು ಕಾಡುತ್ತದೆ. ಇಂಥ ಸೀಸದ ಪೆಟ್ಟಿಗೆ 25 ಕಿಲೋಗೆ ಕಡಮೆಯಿರುವುದಿಲ್ಲ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ ಎಷ್ಟು ಜನ, ಎಷ್ಟು ತೂಕ ಎಂಬ ಫಲಕವನ್ನು ಹೊಡೆದಿರುತ್ತಾರೆ. ಕಟ್ಟೆಯ ಮೇಲೆ ನಿಂತು ಬ್ಯಾಟರಿ ಹೊರುವವನು ಆ ಫಲಕವನ್ನು ಒಮ್ಮೆ ಓದಬೇಕು. ಮಗನ ಬದಲು ಸೀಸವನ್ನು ಕರೆದುಕೊಂಡು ಹೋಗುವಂತಾಗಬಾರದು.

ಇನ್ನೊಂದು ದಾರಿ ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬ್ಯಾಟರಿ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡಿನಫ್ ಅವರ ಪ್ರಯೋಗಶಾಲೆ ಈ ವಸ್ತುವಿನ ಗುಣವನ್ನು 1997ರ ಲೇಖನದಲ್ಲಿ ಲೋಕಕ್ಕೆ ತಿಳಿಸಿತು. ಲೇಖನದ ಮೇಲೆ ಗುಡಿನಫ್ ಅವರಿಗಿಂತ ಮೊದಲು ಎರಡು ಭಾರತೀಯ ಹೆಸರುಗಳಿವೆ: ಎ. ಕೆ. ಪಾಧಿ ಮತ್ತು ಕೆ. ಎಸ್. ನಂಜುಂಡಸ್ವಾಮಿ. ಎರಡನೆಯ ಹೆಸರನ್ನು ಕೇಳಿ ಕನ್ನಡಿಗನ ಕಿವಿ ನಿಮಿರಿದರೆ ಆಶ್ಚರ್ಯವಿಲ್ಲ. ಅದೇ 100 ಆಂಪಿಯರ್-ಗಂಟೆಯ ಲಿಥಿಯಂ ಪೆಟ್ಟಿಗೆ 11ರಿಂದ 14 ಕಿಲೋ ತೂಗುತ್ತದೆ. ನೂರರಲ್ಲಿ ಎಂಬತ್ತರಿಂದ ತೊಂಬತ್ತನ್ನು ನಿರ್ಭಯವಾಗಿ ಖರ್ಚು ಮಾಡಬಹುದು; ಅವಸರಕ್ಕೆ ಅದು ದಂಡ ಹಾಕುವುದಿಲ್ಲ; ಸಾವಿರಾರು ಸಲ ತುಂಬಿಸಬಹುದು. ನಮ್ಮ ತಂದೆಯ ದೋಣಿಯಲ್ಲಿ ಇಂಥದೊಂದು ಇದ್ದಿದ್ದರೆ ಐವತ್ತೇಳೂವರೆಯ ಮೇಲೆ ಇನ್ನೂ ಇಪ್ಪತ್ತು ಕೈಯಲ್ಲಿರುತ್ತಿತ್ತು, ದೋಣಿಯೂ ಹಗುರವಾಗಿರುತ್ತಿತ್ತು. ಬೆಲೆ ಸೀಸಕ್ಕಿಂತ ಜಾಸ್ತಿ. ಈಚಿನ ವರ್ಷಗಳಲ್ಲಿ ಇಳಿಯುತ್ತ ಬಂದಿದೆ.

ಹಾಗೆಂದು ಅದು ದೋಷವಿಲ್ಲದ ವಸ್ತುವಲ್ಲ. ಸೀಸದ ಬ್ಯಾಟರಿ ಮುದುಕರಂತೆ ದಣಿಯುತ್ತದೆ; ಮೊದಲು ಸ್ವರ ತಗ್ಗುತ್ತದೆ, ನಡೆ ನಿಧಾನವಾಗುತ್ತದೆ, ಹೀಗೆ ಮುನ್ಸೂಚನೆ ಕೊಡುತ್ತದೆ. ವೋಲ್ಟ್ ಮೀಟರ್ ಹಿಡಿದರೆ, ಸ್ವಲ್ಪ ಹೊತ್ತು ವಿಶ್ರಾಂತಿ ಕೊಟ್ಟ ಮೇಲೆ, 12.6 ಎಂದರೆ ಪೂರ್ಣ, 12.2 ಎಂದರೆ ಅರ್ಧ ಎಂದು ತಿಳಿಯುತ್ತದೆ. ಲಿಥಿಯಂ ಹಾಗಲ್ಲ. ಕೊನೆಯವರೆಗೂ ಹೆಚ್ಚುಕಡಮೆ ಒಂದೇ ವೋಲ್ಟೇಜಿನಲ್ಲಿ ಉತ್ಸಾಹದಿಂದ ದುಡಿದು, ಒಳಗಿರುವ ರಕ್ಷಣಾ ಮಂಡಲಿ ‘ಸಾಕು’ ಎಂದ ಕ್ಷಣ, ಮಾತಿನ ನಡುವೆ ಎದ್ದು ಹೋದವರಂತೆ, ಒಮ್ಮೆಗೇ ನಿಂತುಬಿಡುತ್ತದೆ. ಆದುದರಿಂದ ಹರಿದುಹೋದ ಆಂಪಿಯರುಗಳನ್ನು ಎಣಿಸುವ ಮೀಟರೊಂದನ್ನು ಅದರೊಡನೆ ಕೊಳ್ಳದಿದ್ದರೆ ಕೆಲಸ ಅರ್ಧವಾದಂತೆ. ಆ ರಕ್ಷಣಾ ಮಂಡಲಿ ಎಷ್ಟು ಆಂಪಿಯರನ್ನು ಎಡೆಬಿಡದೆ ಬಿಟ್ಟುಕೊಡುತ್ತದೆ ಎಂಬುದನ್ನೂ ಕೇಳಬೇಕು. 50 ಆಂಪಿಯರ್ ಎಳೆಯುವ ಮೋಟಾರಿಗೆ 50ರಲ್ಲಿಯೇ ನಿಲ್ಲಿಸುವ ಬ್ಯಾಟರಿ ತಕ್ಕದ್ದಲ್ಲ. ಹಿಮಬಿಂದುವಿಗಿಂತ ತಣ್ಣಗಿರುವಾಗ ಅದನ್ನು ತುಂಬಿಸಲೇಬಾರದು. ಸೀಸದ ಹಳೆಯ ಚಾರ್ಜರ್ ಅದಕ್ಕೆ ಹೊಂದುವುದೆಂದು ಊಹಿಸಿಕೊಳ್ಳುವುದೂ ತಪ್ಪು.

ವಾರಕ್ಕೊಮ್ಮೆ ಎರಡು ಗಂಟೆ, ದಡದ ಅಂಚಿನಲ್ಲಿಯೇ ಸುತ್ತುವವನಿಗೆ ಒಂದು ಒಳ್ಳೆಯ ಸೀಸದ ಬ್ಯಾಟರಿ ಧಾರಾಳವಾಗಿ ಸಾಕು. ಲಿಥಿಯಂ ಅವನಿಗೆ ಆಡಂಬರ. ದಿನವಿಡೀ ನೀರಿನ ಮೇಲಿರುವವನಿಗೂ, ಬೆನ್ನುನೋವಿರುವವನಿಗೂ ಮಾತ್ರ ಹಗುರವಾದ ಪೆಟ್ಟಿಗೆ ತನ್ನ ಬೆಲೆಯನ್ನು ಬೇಗ ತೀರಿಸುತ್ತದೆ.

ಬ್ಯಾಟರಿಯನ್ನು ಎಲ್ಲಿಡಬೇಕೆಂಬುದು ಸಣ್ಣ ವಿಷಯವೆಂದು ತೋರಬಹುದು. ಮೋಟಾರು ಹಿಂದೆ, ಅದನ್ನು ಹಿಡಿದು ಕೂತ ತಂದೆ ಹಿಂದೆ, ಬ್ಯಾಟರಿಯೂ ಅವನ ಕಾಲ ಬಳಿ ಎಂದಾದರೆ ದೋಣಿಯ ಮೂತಿ ಮೇಲೆದ್ದು ಗಾಳಿಗೆ ಹಾಯಿಯಾಗುತ್ತದೆ. ಬ್ಯಾಟರಿಯನ್ನು ಮುಂದಕ್ಕೆ ಒಯ್ದರೆ ಸಮತೋಲ ಬರುತ್ತದೆ. ಆದರೆ ತಂತಿ ಉದ್ದವಾಗುತ್ತದೆ. ತೆಳುವಾದ ತಂತಿಯಾದರೆ 12 ವೋಲ್ಟಿನಲ್ಲಿ ಒಂದು ವೋಲ್ಟು ದಾರಿಯಲ್ಲಿಯೇ ಸೋರಿಹೋಗುತ್ತದೆ. ಬೆರಳು ದಪ್ಪದ ತಾಮ್ರದ ಕೇಬಲ್ ಬೇಕು. ಅಮೆರಿಕದ ಎಣಿಕೆಯಲ್ಲಿ ನಂಬರು ಚಿಕ್ಕದಾದಷ್ಟೂ ತಂತಿ ದಪ್ಪವೆಂಬುದನ್ನು ಮರೆತು 10 ನಂಬರು 6 ನಂಬರಿಗಿಂತ ದೊಡ್ಡದೆಂದು ಕೊಂಡವರಿಗೆ ಕಡಮೆಯಿಲ್ಲ. ಬ್ಯಾಟರಿಯ ಹತ್ತಿರವೇ ಸರ್ಕ್ಯೂಟ್ ಬ್ರೇಕರ್ ಇರಬೇಕು. ರೆಕ್ಕೆಗೆ ಕಳೆ ಸುತ್ತಿಕೊಂಡು ಮೋಟಾರು ನಿಂತಾಗ ಪ್ರವಾಹ ಏರಿ ತಂತಿ ಕಾಯುತ್ತದೆ. ಆಗ ಅದನ್ನು ಕಡಿಯುವುದು ಆ ಗುಂಡಿಯೊಂದೇ. ಎರಡು ತುದಿಗಳ ಮೇಲೂ ರಬ್ಬರಿನ ಟೊಪ್ಪಿ ಇರಬೇಕು. ಅಲ್ಯೂಮಿನಿಯಂ ದೋಣಿಯಲ್ಲಿ ಒಂದು ಸ್ಪ್ಯಾನರ್ ಅಡ್ಡ ಬಿದ್ದರೆ ಸಾಕು, ಬೆಸುಗೆಯ ಕಿಡಿ ಹಾರುತ್ತದೆ. ಆಮ್ಲ ಚೆಲ್ಲುವ ಬಗೆಯದಾದರೆ ಪಟ್ಟಿ ಬಿಗಿದ ಪ್ಲಾಸ್ಟಿಕ್ ಪೆಟ್ಟಿಗೆಯೂ ಬೇಕು. ತುಂಬಿಸುವಾಗ ಸೀಸದ ಬ್ಯಾಟರಿ ಜಲಜನಕವನ್ನು ಬಿಡುವುದರಿಂದ, ಕಿಟಕಿ ಮುಚ್ಚಿದ ಕೋಣೆಯಲ್ಲಿಟ್ಟು ಪಕ್ಕದಲ್ಲಿ ಬೆಂಕಿಕಡ್ಡಿ ಗೀರುವುದು ಹುಚ್ಚುತನ. ಮನೆಗೆ ಬಂದ ರಾತ್ರಿಯೇ ಅದನ್ನು ತುಂಬಿಸಬೇಕು. ಬರಿದಾಗಿಯೇ ಮುಂದಿನ ಶನಿವಾರದವರೆಗೆ ಬಿಟ್ಟರೆ ಫಲಕಗಳ ಮೇಲೆ ಗಟ್ಟಿಯಾದ ಸೀಸದ ಸಲ್ಫೇಟ್ ಕೂಡುತ್ತದೆ, ಅದು ಮತ್ತೆ ಕರಗುವುದು ಕಷ್ಟ.

ಎಷ್ಟೇ ಲೆಕ್ಕ ಹಾಕಿದರೂ ಈ ಮೋಟಾರೊಂದನ್ನೇ ನಂಬಿ ಹೋಗಬಾರದ ನೀರೂ ಉಂಟು. ಮಿನ್ನೆಸೋಟದಲ್ಲಿಯೇ ಇರುವ ಮಿಲ್ ಲ್ಯಾಕ್ಸ್ ಸರೋವರ ಐನೂರು ಚದರ ಕಿಲೋಮೀಟರಿಗೂ ಮಿಗಿಲಾದ ಹರವು. ಆಳವೋ ಎಲ್ಲಿಯೂ 45 ಅಡಿ ಮುಟ್ಟುವುದಿಲ್ಲ. ಇಷ್ಟು ಅಗಲವಾದ, ಇಷ್ಟು ತೆಳುವಾದ ನೀರಿನ ಮೇಲೆ ಗಾಳಿ ಎದ್ದರೆ ಅಲೆಗಳು ನೋಡುನೋಡುತ್ತಲೇ ಎದ್ದು ನಿಲ್ಲುತ್ತವೆ. ಅಲ್ಲಿ ಪೆಟ್ರೋಲ್ ಎಂಜಿನ್ ಹೋಗುವುದಕ್ಕೂ ಬರುವುದಕ್ಕೂ. ವಿದ್ಯುತ್ ಮೋಟಾರು ಮೀನಿನ ಹಿಂದೆ ಸುತ್ತುವುದಕ್ಕೆ ಮಾತ್ರ. ಎಂಜಿನ್ ಎಬ್ಬಿಸುವ ಬ್ಯಾಟರಿಯನ್ನು ಬೇರೆಯಾಗಿಯೇ ಇಟ್ಟಿರಬೇಕೆಂಬುದನ್ನು ಹೇಳಬೇಕಾಗಿಲ್ಲ.

ಮೊದಲು ಕಂಡ ಆ ದೋಣಿಯಲ್ಲಿ, ಅದೃಷ್ಟಕ್ಕೆ, ಎರಡು ಹುಟ್ಟುಗಳಿದ್ದವು. ಇಬ್ಬರ ಮೈಮೇಲೂ ತೇಲುವ ಅಂಗಿ ಇತ್ತು. ತಂದೆ ಗಾಳಿಗೆ ಎದುರಾಗಿ ಹುಟ್ಟು ಹಾಕುವ ಹಟವನ್ನು ಬಿಟ್ಟು, ಅಡ್ಡಲಾಗಿ ಹತ್ತಿರದ ದಡಕ್ಕೆ ದೋಣಿಯನ್ನು ಸೇರಿಸಿದನು. ಅಲ್ಲಿಂದ ಮನೆಗೆ ಕಾಲುದಾರಿಯಲ್ಲಿ ಮುಕ್ಕಾಲು ಗಂಟೆ. ದೋಣಿಯನ್ನು ಮರಕ್ಕೆ ಕಟ್ಟಿ, ಮೀನಿನ ಬುಟ್ಟಿಯನ್ನು ಮಗನ ಕೈಗೆ ಕೊಟ್ಟು, ತಾನು ಬ್ಯಾಟರಿಯನ್ನು ಹೊತ್ತುಕೊಂಡನು. ಬರಿದಾಗಿದ್ದರೂ ಅದರ ತೂಕ ಒಂದು ಗುಂಜಿಯಷ್ಟೂ ಕಡಮೆಯಾಗಿರಲಿಲ್ಲ.

ಅಕ್ಟೋಬರ್ ಕಳೆದರೆ ಈ ದೋಣಿಗಳನ್ನೆಲ್ಲ ಮಗುಚಿ ಹಾಕುತ್ತಾರೆ. ತುಂಬಿದ ಸೀಸದ ಬ್ಯಾಟರಿ ಮಿನ್ನೆಸೋಟದ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಬರಿದಾದದ್ದು ಸೊನ್ನೆಗಿಂತ ಹತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ಹೆಪ್ಪುಗಟ್ಟಿ ಹೊಟ್ಟೆಯೊಡೆಯಬಹುದು. ಆದುದರಿಂದ ಅದನ್ನು ತುಂಬಿಸಿಡುತ್ತಾರೆ. ಲಿಥಿಯಮನ್ನು ಅರ್ಧ ತುಂಬಿಸಿ ಮನೆಯೊಳಗೆ ಇಡುತ್ತಾರೆ. ಡಿಸೆಂಬರಿನಲ್ಲಿ ಅದೇ ಸರೋವರ ಕಲ್ಲಾಗುತ್ತದೆ. ಆಗ ಜನ ಮಂಜಿನ ಮೇಲೆ ನಡೆದೇ ಆ ತಾಣಕ್ಕೆ ಹೋಗಿ, ತೂತು ಕೊರೆದು, ಗಾಳ ಇಳಿಬಿಟ್ಟು ಕುಳಿತುಕೊಳ್ಳುತ್ತಾರೆ. ಪಕ್ಕದಲ್ಲಿ ಸ್ಲೆಡ್ಜ್ ಗಾಡಿ, ಅದರ ಮೇಲೆ ಮೀನನ್ನು ತೋರಿಸುವ ಯಂತ್ರಕ್ಕೂ ಒಂದು ದೀಪಕ್ಕೂ ಸಾಕಾಗುವಷ್ಟು ಪುಟ್ಟ ಬ್ಯಾಟರಿ.